ಕರೆಂಟು ಕಾರಿಗೆ ಒದ್ದೆ ಬೆರಳು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಸೋಮವಾರ, ಬೆಳಗಿನ ಆರು ಗಂಟೆ. ಇಸ್ತ್ರಿಯಣ್ಣನ ಹಳೇ ವ್ಯಾನು ಲಾಂಡ್ರಿ ಅಂಗಡಿಯ ಮುಂದೆ ಎರಡು ಸಲ ಕೆಮ್ಮಿ, ಒಂದು ಸಲ ನಡುಗಿ, ಉಸಿರು ಬಿಟ್ಟಿತು. ಒಳಗಿದ್ದದ್ದು ಲಾಡ್ಜಿಗೆ ತಲುಪಬೇಕಾದ ಬೆಡ್‌ಶೀಟುಗಳ ಗಂಟು. "ಇನ್ನೊಂದು ಸಲ ತಡವಾದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ" ಎಂದು ಲಾಡ್ಜಿನ ಮ್ಯಾನೇಜರು ಹೋದ ವಾರವೇ ಹೇಳಿದ್ದರು. ಇಸ್ತ್ರಿಯಣ್ಣನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಲಾಡ್ಜಿನ ಕೆಲಸದಿಂದ.

ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ, ಮೆಲ್ಲಗೆ ಮುಚ್ಚಿದ. "ಇದಕ್ಕೆ ಇನ್ನು ರಿಪೇರಿ ಬೇಡ ಅಣ್ಣ, ಕೈ ಮುಗಿದು ಕಳಿಸಿಬಿಡಿ" ಎಂದ.

ಇಸ್ತ್ರಿಯಣ್ಣನ ಹೆಂಡತಿ ನಾದಿನಿಗೆ ಫೋನ್ ಮಾಡಿದಳು. ಇಸ್ತ್ರಿಯಣ್ಣನ ತಂಗಿ ಪಕ್ಕದ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದಳು, ಅದೂ ಕರೆಂಟು ಕಾರು. ಅವಳು ಬಂದು ನಿಂತದ್ದೇ ಗೊತ್ತಾಗಲಿಲ್ಲ, ಅಷ್ಟು ಸದ್ದಿಲ್ಲದ ಗಾಡಿ. ಬಟ್ಟೆ ಹೊತ್ತಿಗೆ ಸರಿಯಾಗಿ ಲಾಡ್ಜು ಸೇರಿತು.

"ಒಂದು ವಾರ ಇಲ್ಲೇ ಇರ್ತೀನಿ ಅಣ್ಣ. ಅಷ್ಟರಲ್ಲಿ ಗಾಡಿ ನೋಡ್ಕೋ" ಎಂದಳು ತಂಗಿ. ಆಮೇಲೆ, ಗಾಡಿ ನೋಡಲು ಹೊರಗೆ ಬಂದಿದ್ದ ಅಮ್ಮನ ಕಡೆ ತಿರುಗಿ, "ನೀನ್ಯಾಕಮ್ಮ ಮಾರುದೂರ ನಿಂತೆ?" ಎಂದು ಕೇಳಿದಳು.

"ಕರೆಂಟು ಕಾರಲ್ವೇನೇ? ಮುಟ್ಟಿದ್ರೆ ಹೊಡೆದೀತು."

"ಮೂರು ವರ್ಷದಿಂದ ಓಡಿಸ್ತಿದೀನಿ. ಇವತ್ತಿನ ತನಕ ನನಗೆ ಹೊಡೆದಿರೋದು ನೀನೊಬ್ಬಳೇ, ಅದೂ ನಾನು ಚಿಕ್ಕವಳಿದ್ದಾಗ!"

ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ಮತ್ತೆ ಅದಕ್ಕೇ ಬಂತು.

"ನೀನೂ ಇಂಥದ್ದೇ ತಗೋಬಾರದಾ ಅಣ್ಣ?"

"ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ಅಷ್ಟು ದುಡ್ಡು ಸುರಿದು ಬೆಂಕಿ ಕೊಂಡ್ಕೊಳ್ಳಲಾ? ಟಿವೀಲಿ ನೋಡಿಲ್ವಾ ಹೇಗೆ ಉರಿಯುತ್ತೆ ಅಂತ?" ಎಂದ ಇಸ್ತ್ರಿಯಣ್ಣ.

"ಉರಿದದ್ದನ್ನ ಟಿವೀಲಿ ತೋರಿಸ್ತಾರೆ, ದಿನಾ ಓಡ್ತಿರೋದನ್ನ ಯಾರು ತೋರಿಸ್ತಾರೆ? ಪೆಟ್ರೋಲೂ ಉರಿಯೋ ವಸ್ತುನೇ. ಹಾಗಂತ ಇದು ಉರಿಯೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಬ್ಯಾಟರಿಗೆ ಪೆಟ್ಟು ಬಿದ್ರೆ, ಕಂಡಕಂಡಲ್ಲಿ ಚಾರ್ಜ್ ಹಾಕಿದ್ರೆ ಅಪಾಯ ಇದ್ದೇ ಇದೆ. ಬೆಲೆ ಅಂದ್ಯಲ್ಲ, ಕೊಳ್ಳುವಾಗ ಜಾಸ್ತಿ, ಓಡಿಸುವಾಗ ಕಡಿಮೆ. ನಿನ್ನ ಹಾಗೆ ದಿನಾ ಓಡಾಡೋರಿಗೆ ಹೊಂದುತ್ತೆ. ಬರೀ ಮಾವನ ಮನೆಗೆ ಹೋಗಿಬರೋಕೆ ಅಂದ್ರೆ ಬೇಡ."

"ಮಾವನ ಮನೆಗಾ? ಅಲ್ಲಿಗೆ ಹೋಗೋಕೆ ಇವರಿಗೆ ಗಾಡಿ ಕೊರತೆ ಅಲ್ಲಮ್ಮ, ಮನಸ್ಸಿನ ಕೊರತೆ!" ಎಂದಳು ಹೆಂಡತಿ.

ನಗು ನಿಂತ ಮೇಲೆ ಇಸ್ತ್ರಿಯಣ್ಣ ಕೇಳಿದ: "ನಡುದಾರೀಲಿ ನಿಂತ್ರೆ?"

"ಕಂಪನಿಯವರು ಹೇಳೋ ದೂರ ಅಷ್ಟಕ್ಕಷ್ಟೇ ಬರಲ್ಲ. ಭಾರ ಹೇರಿದ್ರೆ, ಎಸಿ ಹಾಕಿದ್ರೆ ಕಡಿಮೆ. ನಿನ್ನ ಓಡಾಟಕ್ಕಿಂತ ಧಾರಾಳವಾಗಿ ಹೆಚ್ಚು ಓಡೋದನ್ನ ನೋಡಿ ತಗೋಬೇಕು."

ಇಸ್ತ್ರಿಯಣ್ಣ ತನ್ನ ದಿನದ ಓಡಾಟವನ್ನು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ.

ಮಂಗಳವಾರ, ವ್ಯಾನು ಕೆಟ್ಟ ಸುದ್ದಿ ಕೇಳಿ ಬ್ರೋಕರ್ ಒಬ್ಬ ಹಳೆಯದೊಂದು ಕರೆಂಟು ಕಾರು ತಂದ. ಬೆಲೆ ಅರ್ಧಕ್ಕರ್ಧ, ಮೈಯೆಲ್ಲ ಥಳಥಳ. ಇಸ್ತ್ರಿಯಣ್ಣನಿಗೆ ಬಾಯಲ್ಲಿ ನೀರೂರಿತು.

"ಬ್ಯಾಟರಿಗೆ ಎಷ್ಟು ಶಕ್ತಿ ಉಳಿದಿದೆ? ಪರೀಕ್ಷೆ ಮಾಡಿಸಿದ್ದೀರಾ?" ಎಂದು ತಂಗಿ ಕೇಳಿದಳು.

"ಸೀಟ್ ಕವರ್ ನೋಡಿ ಅಕ್ಕ, ಹೊಚ್ಚ ಹೊಸದು!"

"ಕಾರು ಓಡೋದು ಸೀಟ್ ಕವರಿನಿಂದಲಾ? ಹೋಗಲಿ, ಬ್ಯಾಟರಿಗೆ ವಾರಂಟಿ?"

"ನನ್ನ ಮಾತೇ ವಾರಂಟಿ ಅಕ್ಕ."

ತಂಗಿ ಅಣ್ಣನ ಕಿವಿಯಲ್ಲಿ ಹೇಳಿದಳು: "ಕೊಳೆ ಬಟ್ಟೆಗೆ ಇಸ್ತ್ರಿ ಹೊಡೆದು ತಂದಿದ್ದಾನೆ." ಆ ಮಾತು ಇಸ್ತ್ರಿಯಣ್ಣನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬ್ರೋಕರ್ ಬಂದ ದಾರಿ ಹಿಡಿದ.

ತಂಗಿ ಮಾರ್ಕೆಟ್ಟಿನ ಹತ್ತಿರದ ಚಾರ್ಜಿಂಗ್ ಸ್ಟೇಷನ್ನಿಗೆ ಹೋಗಿ ಚಾರ್ಜ್ ಹಾಕಿಸಿಕೊಂಡು ಬರುತ್ತಿದ್ದಳು. ಬುಧವಾರ ಮಧ್ಯಾಹ್ನ ಅವಳಿಗೆ ಒಳಗೆ ಜೊಂಪು ಹತ್ತಿತ್ತು. 'ಪಾಪ, ಮಲಗಲಿ, ಇವತ್ತು ನಾನೇ ಹಾಕಿಬಿಡ್ತೀನಿ' ಎಂದುಕೊಂಡ ಇಸ್ತ್ರಿಯಣ್ಣ ಡಿಕ್ಕಿಯಲ್ಲಿದ್ದ ಚಾರ್ಜರ್ ತೆಗೆದ. ಇಸ್ತ್ರಿ ಪೆಟ್ಟಿಗೆಗೆಂದು ಎಳೆದಿದ್ದ ಹಳೇ ವಯರಿಗೇ ಅದನ್ನು ಸಿಕ್ಕಿಸಿದ. ವಯರಿನ ಸುರುಳಿಯನ್ನೂ ಬಿಚ್ಚಲಿಲ್ಲ; ಸುತ್ತಿಟ್ಟ ವಯರು ಬೇಗ ಕಾಯುತ್ತದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

ಇಸ್ತ್ರಿ ಹೊಡೆಯುವ ಕೈಗೆ ಒಂದು ಅಭ್ಯಾಸವಿದೆ. ಪೆಟ್ಟಿಗೆ ಕಾದಿದೆಯೇ ಎಂದು ತಿಳಿಯಲು ಬೆರಳನ್ನು ನೀರಿಗೆ ಅದ್ದಿ, ಹೀಗೆ ಮುಟ್ಟಿ ಹಾಗೆ ತೆಗೆಯುವುದು. ಚುರ್ ಎಂದರೆ ಕಾದಿದೆ. ಇಸ್ತ್ರಿಯಣ್ಣನ ಕೈ ತನ್ನಷ್ಟಕ್ಕೆ ತಾನೇ ನೀರಿನ ಬಟ್ಟಲಿಗೆ ಹೋಯಿತು. ಒದ್ದೆ ಬೆರಳು ಅಲ್ಲಿಂದ ನೇರ ಪ್ಲಗ್ಗಿನ ಕಡೆ ಚಾಚಿತು.

"ಅಣ್ಣಾ! ಮುಟ್ಟಬೇಡ!"

ವಾಸನೆಗೆ ಎಚ್ಚೆತ್ತ ತಂಗಿ ಬಾಗಿಲಲ್ಲಿದ್ದಳು. ಬೆರಳು ನಿಂತಿತು. ಅಷ್ಟರಲ್ಲಿ ಹೆಂಡತಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ಪ್ಲಗ್ಗಿನ ಬಾಯಿ ಕಂದಿಹೋಗಿತ್ತು.

ಹೆದರಿದ ಇಸ್ತ್ರಿಯಣ್ಣನಿಗೆ ಸಿಟ್ಟು ಬಂತು. "ನೋಡಿದ್ಯಾ? ನಾನು ಬಡ್ಕೊಂಡಿರ್ಲಿಲ್ವಾ? ಈ ಕಾರಿನ ಸಹವಾಸವೇ ಬೇಡ!"

ತಂಗಿ ಎದುರು ಕೂಗಾಡಲಿಲ್ಲ. "ರೇಷ್ಮೆ ಬಟ್ಟೆಗೆ ಹತ್ತಿ ಬಟ್ಟೆಯ ಕಾವು ಕೊಟ್ರೆ ಏನಾಗುತ್ತೆ ಅಣ್ಣ?" ಎಂದು ಕೇಳಿದಳು.

"ಸುಟ್ಟುಹೋಗುತ್ತೆ."

"ತಪ್ಪು ಪೆಟ್ಟಿಗೆದಾ?"

ಅಮ್ಮ ನಡುವೆ ಬಾಯಿ ಹಾಕಿದರು: "ಪೆಟ್ಟಿಗೆದಲ್ಲಪ್ಪ, ಕೈಯದು."

"ಅಷ್ಟೇ ಅಣ್ಣ. ಇಸ್ತ್ರಿ ಪೆಟ್ಟಿಗೆ ಕಾಯುತ್ತೆ, ಆರುತ್ತೆ, ನಡುನಡುವೆ ವಯರಿಗೆ ಬಿಡುವು ಸಿಗುತ್ತೆ. ಕಾರು ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತೆ. ಈ ಬಡಪಾಯಿ ವಯರು ತಡ್ಕೊಳ್ಳುತ್ತಾ? ಇದಕ್ಕೆ ಬೇರೆ ಲೈನು, ಸರಿಯಾದ ಅರ್ಥಿಂಗ್ ಬೇಕು. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಹಾಕ್ಬೇಕು."

ಇಸ್ತ್ರಿಯಣ್ಣ ಕಂದಿದ ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆರಳನ್ನು ಪಂಚೆಗೆ ಒರೆಸಿಕೊಂಡ. "ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡು" ಎಂದು ಹೆಂಡತಿಗೆ ಹೇಳಿದ.

ಗುರುವಾರ ಲೈನು ಎಳೆದಾಯಿತು. ಶುಕ್ರವಾರ ಅಣ್ಣ ತಂಗಿ ಇಬ್ಬರೂ ಷೋರೂಮಿಗೆ ಹೋಗಿ, ಬ್ಯಾಟರಿಯನ್ನು ಎದುರಿಗೇ ಪರೀಕ್ಷೆ ಮಾಡಿಸಿ, ಉಳಿದ ವಾರಂಟಿಯನ್ನು ಬರೆಸಿಕೊಂಡು, ಒಂದಷ್ಟು ಓಡಿದ್ದ ಸೆಕೆಂಡ್ ಹ್ಯಾಂಡ್ ಕರೆಂಟು ಕಾರೊಂದನ್ನು ತಂದರು. ಶನಿವಾರ ಇಸ್ತ್ರಿಯಣ್ಣನೇ ಅದರಲ್ಲಿ ಬಟ್ಟೆ ತುಂಬಿಕೊಂಡು ಲಾಡ್ಜಿನ ಗೇಟಿಗೆ ಹೋದಾಗ ಮ್ಯಾನೇಜರು ಇನ್ನೂ ಬಂದೇ ಇರಲಿಲ್ಲ!

ಅಕ್ಕಂದಿರೇ, ಅಣ್ಣಂದಿರೇ, ಕರೆಂಟು ಕಾರು ಕೊಳ್ಳಲೇಬೇಕೆಂದು ನಾವು ಹೇಳುವುದಿಲ್ಲ. ಕೊಳ್ಳುವುದಾದರೆ ದಿನಕ್ಕೆ ಎಷ್ಟು ಓಡುತ್ತೀರೆಂದು ಮೊದಲು ಲೆಕ್ಕ ಹಾಕಿ. ಹತ್ತಿರದಲ್ಲಿ ಸರ್ವಿಸ್ ಇದೆಯೇ ವಿಚಾರಿಸಿ. ಮೈಯ ಹೊಳಪಿಗೆ ಮರುಳಾಗದೆ ಬ್ಯಾಟರಿ ಪರೀಕ್ಷೆ ಮಾಡಿಸಿ. ಮನೆಯ ಹಳೇ ವಯರನ್ನು ನಂಬಬೇಡಿ. ಸುಟ್ಟ ವಾಸನೆ ಬಂದರೆ ಮುಟ್ಟಿ ನೋಡಬೇಡಿ, ಮೊದಲು ಮೇನ್ ಆರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ. ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ತಂಗಿ ಭಾನುವಾರ ತಿಂಡಿ ತಿಂದು ಹೊರಟಳು. ಸೋಮವಾರದ ಬಟ್ಟೆಗೆ ಅವಳನ್ನು ಯಾರೂ ಕರೆಯಬೇಕಾಗಲಿಲ್ಲ.