ಆಷಾಢಕ್ಕೆ ಮೊದಲೇ ಉಕ್ಕಿದ ಹಾಲು

"ಓದಾಕೆ ತಗಂಡ ಸಾಲನೇ ನೆಟ್ಟಗೆ ಕಟ್ಟಿಲ್ಲ, ಮನೆ ಬೇರೆ ಕೇಡು ನಿಮಗೆ!"

ಬ್ಯಾಂಕಿನ ಮ್ಯಾನೇಜರ್ ಇಡೀ ಚನ್ನಗಿರಿಗೆ ಕೇಳಿಸುವ ಹಾಗೆ ಅಂದ. ಪಾಸ್‌ಬುಕ್ ಹಿಡಿದು ನಿಂತವರೆಲ್ಲ ನನ್ನನ್ನೇ ನೋಡಿದರು.

"ಈಗ ತಪ್ಪದಂಗೆ ಕಟ್ತಿದೀನಲ್ಲ ಸರ್. ನರ್ಸಿಂಗ್ ಮುಗಿದ ಮ್ಯಾಲೆ ಕೆಲ್ಸ ಸಿಗ್ಲಿಲ್ಲ, ಆವಾಗ ಕಂತು ನಿಂತಿದ್ವು, ಅಷ್ಟೇ."

"ಅದೇ ಕಂಪ್ಯೂಟರ್‌ನಾಗೆ ಕೂತೈತೆ. ಸಿಬಿಲ್ ಸ್ಕೋರ್ ಸತ್ತೈತೆ. ಸಂಬಳದಾಗೆ ಅರ್ಧ ಆ ಸಾಲಕ್ಕೇ ಹೋಗ್ತೈತೆ. ಮನೆ ಸಾಲಕ್ಕೆ ಏನ್ ಕಟ್ತೀಯಾ, ನಿಮ್ಮವ್ವನ ತಾಳಿನಾ? ಚೈತ್ರಶ್ರೀ ಅಂತೆ, ಹೆಸ್ರಿಗೇನ್ ಕಮ್ಮಿಯಿಲ್ಲ."

ಅವ್ವನಿಗೆ ತಾಳಿ ಎಲ್ಲಿತ್ತು? ಅಪ್ಪ ಸತ್ತ ವರ್ಷವೇ ಅದನ್ನು ಮಾರಿ ಹಾಸ್ಟೆಲ್ಲಿಗೆ ಕಟ್ಟಿದ್ದೆವು. ಕೂರಿಸಿ, ಕಾಫಿ ಕೊಟ್ಟು, ಓದಲಿಕ್ಕೆ ಸಾಲ ತಗೊಳ್ಳಿ ಎಂದದ್ದೂ ಇದೇ ಬ್ಯಾಂಕು. ಓದಿದರೆ ಉದ್ಧಾರ ಆಗ್ತೀರಿ ಅಂದಿದ್ದರು. ಆದೆವು, ಭೇಷಾಗಿ ಆದೆವು!

ಮನೆ ಕೊಳ್ಳುವ ಶೋಕಿ ನಮಗಿರಲಿಲ್ಲ. ನಾನು ದುಡಿಯುವ ನರ್ಸಿಂಗ್ ಹೋಮಿನ ಸುತ್ತ ಬಾಡಿಗೆಗೆ ಕೇಳಿದಲ್ಲೆಲ್ಲ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು, ಆಮೇಲೆ ಊರಿನಲ್ಲಿ ಯಾವ ಕೇರಿ. ಕೊನೆಗೆ, "ಬೇಜಾರ್ ಮಾಡ್ಕಬ್ಯಾಡಮ್ಮ, ಮನೆ ನಿನ್ನೆನೇ ಹೋತು." ಬಾಡಿಗೆಗೆ ಕೊಡದ ಊರಲ್ಲಿ ಕೊಂಡುಕೊಂಡೇ ಇರಬೇಕು. ಅಡಿಕೆ ಮಂಡಿಯ ಮುರುಗೇಶಪ್ಪ ತನ್ನ ಹಳೇ ಹೆಂಚಿನ ಮನೆ ಮಾರುತ್ತೇನೆ ಎಂದಾಗ, ಅವನಲ್ಲೇ ಅಡಿಕೆ ಸುಲಿದು ಕೂಡಿಸಿದ್ದನ್ನೆಲ್ಲ ಅವ್ವ ಅವನಿಗೇ ಅಡ್ವಾನ್ಸ್ ಕೊಟ್ಟಳು. "ದುಡ್ಡಿಗೆ ಯಾವ ಜಾತಿ ಉಡಚಮ್ಮ?" ಎಂದು ನಕ್ಕು ಜೇಬಿಗಿಳಿಸಿದ. ಸುಣ್ಣ ಬಳಿದುಕೊಳ್ಳಿ ಎಂದು ಬೀಗದ ಕೈಯನ್ನೂ ಕೊಟ್ಟ.

ತಪ್ಪಾದದ್ದು ಅಲ್ಲೇ. ಆಷಾಢ ಹತ್ತಿರ ಬಂತು, ಆಷಾಢದಲ್ಲಿ ಹೊಸ ಮನೆ ಸೇರಬಾರದು ಎಂದು ಅವ್ವ ಸಾಲ ಮಂಜೂರಾಗುವ ಮೊದಲೇ ಅಲ್ಲಿ ಒಲೆ ಹೂಡಿ ಹಾಲುಕ್ಕಿಸಿಬಿಟ್ಟಳು. ಕೇರಿಯ ಹೆಂಗಸರನ್ನೆಲ್ಲ ಕರೆದು ಪಾಯಸ ಬಡಿಸಿದಳು.

ಬ್ಯಾಂಕಿನಿಂದ ನೇರ ಮಂಡಿಗೆ ಹೋಗಿ ಅಡ್ವಾನ್ಸ್ ವಾಪಸ್ ಕೇಳಿದೆ. ಮುರುಗೇಶಪ್ಪ ಗಾದಿಯಿಂದ ಏಳಲಿಲ್ಲ.

"ವಾಪಸ್ಸಾ? ನಿಮ್ಮವ್ವ ಹಾಲುಕ್ಕಿಸಿದ ಮನೇನ ಇನ್ಯಾವನ್ ತಗಂತಾನೆ? ನಿಮ್ ಕೇರಿಗೆ ಕೇರಿನೇ ಬಂದು ಉಂಡೋಗೈತೆ. ಅಯ್ನೋರ್ನ ಕರೆಸಿ ಶುದ್ಧಿ ಮಾಡಿಸ್ಬೇಕು. ಆ ದುಡ್ಡು ಅದಕ್ಕೇ ಸಾಲಲ್ಲ. ನಾಳೆ ಬೀಗದ ಕೈ ತಂದು ಮಡಗಿ ನಡೀರಿ."

"ದುಡ್ಡಿಗೆ ಜಾತಿಯಿಲ್ಲ ಅಂದ್ರಲ್ರೀ ಸಾವ್ಕಾರ್ರೆ?"

"ದುಡ್ಡಿಗಿಲ್ಲ ಕಣೇ. ಒಲೆಗೈತೆ."

ಅವ್ವನಿಗೆ ಹೇಳಿದಾಗ ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ಹಂಗಾ" ಅಂದಳು, ಅಷ್ಟೇ.

ಮರುದಿನ ಅವಳು ಅಡಿಕೆ ಸುಲಿಯಲು ಹೋಗಲಿಲ್ಲ. ಸಂತೆಯಿಂದ ಒಣಮೀನು ತಂದು ಆ ಮನೆಯ ಒಲೆ ಹೊತ್ತಿಸಿ ಹುರಿಯತೊಡಗಿದಳು. ನಾನೂ ಅವಳ ಪಕ್ಕ ಕೂತಿದ್ದೆ. ಘಾಟು ಬೀದಿಯ ತುದಿಗೆ ಹೋಯಿತು. ಮುರುಗೇಶಪ್ಪ ಅಯ್ನೋರನ್ನು ಕರೆದುಕೊಂಡು ಓಡೋಡಿ ಬಂದ. ಇಬ್ಬರೂ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲಾಚೆಯೇ ನಿಂತರು.

"ಏ ಹಲ್ಕಾ ಮುಂಡೆ, ಏನ್ ಮಾಡ್ತಿದೀಯೇ? ಹೊರಗ್ ಬಾ!"

ಅವ್ವ ಬಾಣಲಿಯಿಂದ ಕಣ್ಣೆತ್ತಲಿಲ್ಲ. "ಮೈಲಿಗೆ ಆಗೈತೆ ಅಂದ್ಯಲ್ಲೋ ಬೋಳಿಮಗನೇ, ಪೂರ್ತಿ ಆಗ್ಲಿ. ನನ್ ದುಡ್ಡು ಕೊಡೋತಂಕ ದಿನಾ ಹುರಿತೀನಿ."

"ಪೊಲೀಸ್ನೋರ್ನ ಕರೀತೀನಿ!"

"ಕರಿ. ಅವ್ರಿಗೂ ಎರಡು ತುಂಡು ಇಕ್ತೀನಿ."

ಅಷ್ಟರಲ್ಲಿ ನನ್ನ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂತು. ಓದಿನ ಸಾಲದ ಈ ತಿಂಗಳ ಕಂತು ಸಂಬಳದಿಂದ ಕಡಿತವಾಗಿತ್ತು. ಮೊಬೈಲನ್ನು ಗೂಡಿನಲ್ಲಿಟ್ಟು, ಎದ್ದು ಹೋಗಿ, ಬೀದಿ ಕಡೆಯ ಕಿಟಕಿಗಳನ್ನೆಲ್ಲ ತೆರೆದೆ.