ಹೆಚ್ಚಿಗೆ ಬಂದ ಇಪ್ಪತ್ತೈದು ಸಾವಿರ

ಅನುಮಾನದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಬಗ್ಗಿ ಅದರ ತಳ ನೋಡುತ್ತೇನೆ. ಚಿಲ್ಲರೆ ಕೊಟ್ಟರೆ ಅಲ್ಲೇ ನಿಂತು ಎರಡು ಸಲ ಎಣಿಸುತ್ತೇನೆ, ಹಿಂದೆ ನಿಂತವರು ಗೊಣಗಿದರೆ ಮೂರನೇ ಸಲ. "ಹಾಲು ತಗೊಂಡ್ರೆ ಹಸೂನ ಸಾಕ್ಷಿಗೆ ಕರೀತಾಳೆ ಇವಳು" ಎಂದು ಅತ್ತಿಗೆ ಬಂದವರ ಮುಂದೆಲ್ಲ ಗೇಲಿ ಮಾಡುತ್ತಾರೆ. ಮಾಡಲಿ ಬಿಡಿ. ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ನಾನು ಎದೆ ತಟ್ಟಿಕೊಂಡು ಓಡಾಡುತ್ತಿದ್ದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಕತ್ತರಿ ಹಿಡಿಯುವುದನ್ನು ನನಗೆ ಕಲಿಸಿದವರೇ ಅವರು. ಅಣ್ಣ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯನ್ನು ನಾವಿಬ್ಬರೇ ನಡೆಸುತ್ತಿದ್ದೇವೆ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಜಾಗ ನುಂಗಿಕೊಂಡು ಕೂತ ದೊಡ್ಡ ಎಂಬ್ರಾಯ್ಡರಿ ಮಷೀನು. ಹೂವು, ಬಳ್ಳಿ ಎಲ್ಲ ರೆಡಿಮೇಡ್ ಬರುವಂತಾದ ಮೇಲೆ ಅದಕ್ಕೆ ಕೆಲಸವಿರಲಿಲ್ಲ.

ಅಷ್ಟರಲ್ಲಿ ಅಂಗಡಿಯ ಮಾಲೀಕರು ಬಂದು, ಶನಿವಾರ ಸಂಜೆಯೊಳಗೆ ಇನ್ನೂ ಒಂದು ಲಕ್ಷ ಅಡ್ವಾನ್ಸ್ ಕೊಡಿ, ಆಗದಿದ್ದರೆ ಬಿಡಿ ಎಂದರು. ಪಕ್ಕದ ಮೊಬೈಲ್ ಅಂಗಡಿಯವನು ನಡುವಿನ ಗೋಡೆ ಒಡೆಸಿ ಎರಡನ್ನೂ ಒಂದು ಮಾಡಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ನಮ್ಮಿಬ್ಬರ ಉಳಿತಾಯ ನಲವತ್ತು ಸಾವಿರ ನನ್ನ ಖಾತೆಯಲ್ಲಿತ್ತು. ಮಷೀನಿಗೆ ಅರವತ್ತು ಬಂದರೆ ಅಂಗಡಿ ಉಳಿಯುತ್ತದೆ. ಬಾರದಿದ್ದರೆ ಈ ವಯಸ್ಸಿನಲ್ಲಿ ಬೇರೆಯವರ ಕಾರ್ಖಾನೆಯಲ್ಲಿ ಕೂತು ಕಾಲರ್ ಹೊಲಿಯಬೇಕು. ಭಾನುವಾರ ಮಷೀನಿನ ನಾಲ್ಕು ಫೋಟೋ ತೆಗೆದು, ಇಬ್ಬರ ಫೋನ್ ನಂಬರನ್ನೂ ಹಾಕಿ, ಹಳೆ ಸಾಮಾನು ಮಾರುವ ಜಾಲತಾಣಕ್ಕೆ ಏರಿಸಿದೆವು.

ಅರ್ಧ ಗಂಟೆಯಲ್ಲಿ ಒಬ್ಬ ಮೆಸೇಜ್ ಮಾಡಿದ. ದೂರದ ಊರಿನಲ್ಲಿ ಬಟ್ಟೆ ಕಾರ್ಖಾನೆ ಇದೆಯಂತೆ. ಅರವತ್ತಕ್ಕೆ ಒಪ್ಪಿಗೆಯಂತೆ. ನನಗೆ ಆಗಲೇ ಅನುಮಾನ ಹೊಕ್ಕಿತು.

"ಅತ್ತಿಗೆ, ಇವನು ಚೌಕಾಸಿ ಮಾಡ್ಲಿಲ್ಲ."

"ಮಾಡದಿದ್ರೆ ಒಳ್ಳೇದಲ್ವೇನೆ? ಐವತ್ತೈದಕ್ಕೆ ಇಳಿಸಿದ್ರೆ ಆಗ ಖುಷಿನಾ ನಿಂಗೆ?"

"ಮಷೀನು ಓಡುತ್ತಾ ಅಂತ ಕೇಳ್ಲಿಲ್ಲ. ಎಷ್ಟು ವರ್ಷ ಹಳೇದು ಅಂತ ಕೇಳ್ಲಿಲ್ಲ. ನೋಡೋಕೂ ಬರಲ್ವಂತೆ. ಎರಡು ರೂಪಾಯಿ ಗುಂಡಿ ತಗೊಳ್ಳೋರೂ ತಿರುಗಿಸಿ ತಿರುಗಿಸಿ ನೋಡ್ತಾರೆ."

ಅತ್ತಿಗೆ ನಕ್ಕುಬಿಟ್ಟರು. ಮಾತುಮಾತಿಗೆ ಮೇಡಂ, ಮಾತುಮಾತಿಗೆ ದೇವರು ನಿಮಗೆ ಒಳ್ಳೇದು ಮಾಡಲಿ ಎನ್ನುವವನು ಅವರಿಗೆ ಸಂಭಾವಿತನಾಗಿ ಕಂಡ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿದ್ದಾರೆಯೇ?

ಮಂಗಳವಾರ ಕೊರಿಯರ್‌ನಲ್ಲಿ ಚೆಕ್ ಬಂತು, ಅತ್ತಿಗೆಯ ಹೆಸರಿಗೆ. ನೋಡಿದರೆ ಎಂಬತ್ತೈದು ಸಾವಿರ! ಹಿಂದೆಯೇ ಅವನ ಫೋನು. ಗುಮಾಸ್ತ ತಪ್ಪು ಬರೆದುಬಿಟ್ಟ ಮೇಡಂ, ಲಾರಿ ಬಾಡಿಗೆಯನ್ನೂ ಅದರಲ್ಲೇ ಸೇರಿಸಿದ್ದಾನೆ, ನೀವು ಚೆಕ್ ಬ್ಯಾಂಕಿಗೆ ಹಾಕಿ, ಹೆಚ್ಚಿಗೆ ಇರುವ ಇಪ್ಪತ್ತೈದನ್ನು ಲಾರಿಯವನಿಗೆ ಕಳಿಸಿಬಿಡಿ, ಅವನು ಬಂದು ಮಷೀನು ಎತ್ತಿಕೊಂಡು ಹೋಗುತ್ತಾನೆ.

ಅರವತ್ತಕ್ಕೆ ಎಂಬತ್ತೈದು ಬರೆಯುವ ಗುಮಾಸ್ತ ಯಾವ ಲೋಕದವನು? ನಮ್ಮ ಹತ್ತಿರ ಗಿರಾಕಿಗಳು ಹೊಲಿಗೆ ಕೂಲಿಯಲ್ಲಿ ಐದು ರೂಪಾಯಿ ಕಡಿಮೆ ಕೊಟ್ಟು ಹೋಗಿದ್ದುಂಟು. ಹೆಚ್ಚು ಕೊಟ್ಟವರನ್ನು ನಾನು ಕಂಡಿಲ್ಲ. ಹಾಗೆಂದು ಹೇಳಿದೆ. ಅತ್ತಿಗೆ ಕೇಳದೆ ಅಂದೇ ಚೆಕ್ ಬ್ಯಾಂಕಿಗೆ ಹಾಕಿದರು. ಬುಧವಾರ ಅತ್ತಿಗೆ ಪಾಸ್‌ಬುಕ್ ತಂದು ನನ್ನ ಮೂಗಿನ ಕೆಳಗೆ ಹಿಡಿದರು. ಎಂಬತ್ತೈದು ಸಾವಿರ ಅಚ್ಚಾಗಿತ್ತು.

"ನೋಡು. ಬ್ಯಾಂಕಿನೋರೇ ಬರೆದಿದ್ದಾರೆ. ಇನ್ನೇನು ಹೇಳ್ತೀಯ?"

ಅಂಕೆಯನ್ನು ಎರಡು ಸಲ ಓದಿದೆ, ತಪ್ಪಿರಲಿಲ್ಲ. ಒಳಗೆ ಮಾತ್ರ ಹುಳ ಕೊರೆಯುತ್ತಲೇ ಇತ್ತು.

ಆದರೂ ಅತ್ತಿಗೆ ಲಾರಿಯವನಿಗೆ ದುಡ್ಡು ಕಳಿಸಲು ಒಪ್ಪಲಿಲ್ಲ. ಅನುಮಾನದಿಂದಲ್ಲ, ಅಭ್ಯಾಸದಿಂದ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಒಂದು ಗೇಣು ತುಂಡು ಉಳಿದರೂ ಅವರು ಅದನ್ನು ಮಡಿಸಿ, ಪಿನ್ನು ಚುಚ್ಚಿ, ಬಟ್ಟೆ ಕೊಟ್ಟವರ ಕೈಗೇ ಒಪ್ಪಿಸುತ್ತಾರೆ. ಗಿರಾಕಿಯ ಗಂಡ ಬಂದರೂ ಕೊಡುವುದಿಲ್ಲ, ಮಗಳು ಬಂದರೂ ಕೊಡುವುದಿಲ್ಲ. "ಉಳಿದಿದ್ದು ಅವರದ್ದು. ಅವರೇ ಬಂದು ತಗೊಳ್ಳಿ. ಮಧ್ಯದಲ್ಲಿ ಯಾವನೋ ಲಾರಿಯೋನಿಗೆ ಯಾಕೆ ಕೊಡ್ಲಿ?" ಎಂದು ಅವನಿಗೂ ಖಡಾಖಂಡಿತವಾಗಿ ಹೇಳಿಬಿಟ್ಟರು. ಅವನು ದಿನಕ್ಕೆ ಹತ್ತು ಸಲ ಫೋನ್ ಮಾಡಿದ. ಅತ್ತಿಗೆ ಜಗ್ಗಲಿಲ್ಲ.

ಗುರುವಾರ ಮಧ್ಯಾಹ್ನ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡರು.

"ಗುಂಡಿ ತರ್ತೀನಿ ಕಣೇ, ಈಗ ಬಂದೆ."

ಗುಂಡಿ ಡಬ್ಬಿ ತುಂಬಿತ್ತು. ಬೆಳಿಗ್ಗೆ ತಾನೇ ನಾನೇ ತುಂಬಿಸಿದ್ದೆ. ಎದ್ದು ಹೋಗಿ ಡ್ರಾಯರ್ ಎಳೆದೆ. ಅತ್ತಿಗೆಯ ಪಾಸ್‌ಬುಕ್ ಇರಲಿಲ್ಲ.

ಸರಿಯಾಗಿ ಆಗಲೇ ನನ್ನ ಫೋನ್ ಹೊಡೆದುಕೊಂಡಿತು. ಅವನೇ. ಈ ಸಲ ದನಿ ತಗ್ಗಿಸಿ ಮಾತಾಡಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ಹೇಳ್ಬಾರ್ದು ಅಂತಿದ್ದೆ. ನಿಮ್ಮ ಅತ್ತಿಗೆಯವರ ಹತ್ರ ನಿನ್ನೆ ಮಾತಾಡ್ದೆ. ದುಡ್ಡು ನನ್ನ ಖಾತೇಲಿದೆ, ನನ್ನಿಷ್ಟ ಅನ್ನೋ ಥರ ಮಾತಾಡಿದ್ರು. ನಿಮಗೆ ಹೇಳ್ಬೇಡಿ ಅಂತಾನೂ ಅಂದ್ರು. ನಿಮ್ಮ ಮನೆ ವಿಷಯ, ನನಗ್ಯಾಕೆ. ನಾನು ಪೊಲೀಸಿಗೆ ಹೋದ್ರೆ ಹಾಳಾಗೋದು ನಿಮ್ಮ ಅಂಗಡಿ ಹೆಸರು ಅಂತ ಒಂದು ಮಾತು ಹೇಳಿದೆ ಅಷ್ಟೆ."

ನಾಲ್ಕು ದಿನದಿಂದ ನಾನು ಅವನ ಒಂದು ಮಾತನ್ನೂ ನಂಬಿರಲಿಲ್ಲ. ಗುಮಾಸ್ತನನ್ನು ನಂಬಲಿಲ್ಲ, ಲಾರಿಯನ್ನು ನಂಬಲಿಲ್ಲ, ಅವನ ದೇವರನ್ನೂ ನಂಬಲಿಲ್ಲ. ಇದನ್ನು ನಂಬಿದೆ. ತುಂಬಿದ ಗುಂಡಿ ಡಬ್ಬಿ ಕಣ್ಣ ಮುಂದಿತ್ತು, ಡ್ರಾಯರ್ ಬಾಯಿ ತೆರೆದುಕೊಂಡಿತ್ತು. ಓಹೋ, ಅದಕ್ಕೇ ಈ ನೇಮ ನಿಷ್ಠೆ, ಅದಕ್ಕೇ ಅವರೇ ಬಂದು ತಗೊಳ್ಳಲಿ ಎಂಬ ಹಟ! ದುಡ್ಡು ಬಿಡಿಸಿಕೊಳ್ಳಲು ಬ್ಯಾಂಕಿಗೆ ಹೋಗಿದ್ದಾರೆ ಎಂದುಕೊಂಡೆ. ಅವರು ಬರುವಷ್ಟರಲ್ಲಿ ಲಾರಿಯವನ ಬಾಬತ್ತು ಮುಗಿಸಿಬಿಟ್ಟರೆ ಅಂಗಡಿಯ ಮಾನವಾದರೂ ಉಳಿಯುತ್ತದೆ, ಆಮೇಲೆ ಅತ್ತಿಗೆಯ ಹತ್ತಿರ ಹೇಗೆ ವಸೂಲು ಮಾಡಬೇಕೋ ನನಗೆ ಗೊತ್ತು. ನನ್ನ ಖಾತೆಯಲ್ಲಿದ್ದ ನಲವತ್ತರಲ್ಲಿ ಇಪ್ಪತ್ತೈದು ಸಾವಿರವನ್ನು ಅವನು ಹೇಳಿದ ನಂಬರಿಗೆ ಫೋನಿನಲ್ಲೇ ಕಳಿಸಿದೆ. ಕಳಿಸುವ ಮುಂಚೆ ನಂಬರನ್ನು ಎರಡು ಸಲ ಸರಿನೋಡಿದೆ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಹತ್ತು ನಿಮಿಷಕ್ಕೆ ಅತ್ತಿಗೆ ಬಂದರು. ಬೆವರಿದ್ದರು, ಆದರೆ ಮುಖ ಅರಳಿತ್ತು. ಪಾಸ್‌ಬುಕ್ಕನ್ನು ಮೇಜಿನ ಮೇಲೆ ಪಟ್ ಎಂದು ಹಾಕಿದರು.

"ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೇ! ನೀನು ಹೇಳಿದ್ದೇ ಸರಿ. ಕೌಂಟರಿನ ಹುಡುಗಿ ಹತ್ರ ಬಿಡಿಸಿ ಬಿಡಿಸಿ ಕೇಳ್ದೆ. ಚೆಕ್ ಹಾಕಿದೀವಿ ಅಂತ ಬರ್ಕೊಂಡಿರೋದಂತೆ, ದುಡ್ಡು ಬಂದಿದೆ ಅಂತಲ್ವಂತೆ. ಇವತ್ತು ವಾಪಸ್ ಬಂದಿದೆ, ಅಂಥ ಖಾತೆನೇ ಇಲ್ವಂತೆ. ಕಳ್ಳ ನನ್ಮಗ! ನಮ್ಮ ಕೈಯಿಂದ ಇಪ್ಪತ್ತೈದು ಕಿತ್ಕೊಳ್ಳೋಕೆ ಇಷ್ಟೆಲ್ಲಾ ನಾಟಕ. ಪುಣ್ಯಕ್ಕೆ ನಾವೇನೂ ಕಳಿಸ್ಲಿಲ್ಲ."

"ಗುಂಡಿ ತರ್ತೀನಿ ಅಂದ್ರಲ್ಲ?" ಎಂದೆ.

"ಬ್ಯಾಂಕಿನೋರೇ ಬರೆದಿದ್ದಾರೆ ಅಂತ ನಿನ್ನೆ ನಿನ್ ಮುಂದೆ ಅಷ್ಟು ಕೂಗಾಡಿದೀನಿ. ಇವತ್ತು ನಂಗೂ ಅನುಮಾನ ಬಂತು ಅಂದ್ರೆ ನೀನು ಬಿಡ್ತೀಯಾ? ವರ್ಷ ಪೂರ್ತಿ ಆಡ್ಕೊಂಡು ನಗ್ತೀಯ."

ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿದರು, ಮೇಜಿನ ಮೇಲಿದ್ದ ನನ್ನ ಫೋನ್ ನೋಡಿದರು. ಹೇಳಿದೆ. ದುಡ್ಡು ಕಳಿಸಿದ್ದನ್ನು ಹೇಳಿದೆ, ಯಾಕೆ ಕಳಿಸಿದೆ ಎಂಬುದನ್ನೂ ಹೇಳಿದೆ. ಅಲ್ಲಾದರೂ ಒಂದು ಸುಳ್ಳು ಪೋಣಿಸಬಹುದಿತ್ತು, ಅಷ್ಟು ಬುದ್ಧಿ ಓಡಲಿಲ್ಲ.

ಅತ್ತಿಗೆ ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತರು.

"ಅವನು ನನ್ ಬಗ್ಗೆ ಹೇಳಿದ್ದನ್ನ ನಂಬೋಕೆ ನಿಂಗೆ ಎಷ್ಟು ಹೊತ್ತು ಹಿಡೀತು?"

"ಒಂದೇ ಫೋನು, ಅತ್ತಿಗೆ."

ಇಬ್ಬರೂ ಬ್ಯಾಂಕಿಗೆ ಓಡಿದೆವು, ಅಲ್ಲಿಂದ ಪೊಲೀಸ್ ಠಾಣೆಗೆ. ದುಡ್ಡು ಆಗಲೇ ಮೂರು ಕೈ ದಾಟಿತ್ತು. ಅವನ ಫೋನ್ ಸ್ವಿಚ್ ಆಫ್. ಠಾಣೆಯಲ್ಲಿ ಬರೆದುಕೊಂಡವರು, ಈ ವಾರದಲ್ಲಿ ನೀವು ಐದನೆಯವರು ಎಂದರು.

ಶುಕ್ರವಾರ ಶಾಲಾ ಸಮವಸ್ತ್ರ ಹೊಲಿಯುವವರೊಬ್ಬರು ಮಷೀನು ನೋಡಲು ಬಂದರು. ಒಂದೂವರೆ ಗಂಟೆ ಓಡಿಸಿದರು, ಬೆಲ್ಟು ಎಳೆದರು, ಎಣ್ಣೆಯ ಜಿಡ್ಡನ್ನು ಮೂಸಿ ನೋಡಿದರು, ಜಗಳವಾಡಿದರು, ಎದ್ದು ಹೋದರು, ಮತ್ತೆ ಬಂದರು. ಕೊನೆಗೆ ಐವತ್ತೈದು ಸಾವಿರವನ್ನು ಕೈಗೇ ಕೊಟ್ಟು ಟೆಂಪೋದಲ್ಲಿ ಹಾಕಿಕೊಂಡು ಹೋದರು. ನನ್ನ ಖಾತೆಯಲ್ಲಿ ಉಳಿದಿದ್ದ ಹದಿನೈದು ಸೇರಿ ಎಪ್ಪತ್ತಾಯಿತು. ಇನ್ನೂ ಮೂವತ್ತು ಬೇಕು. ಅತ್ತಿಗೆ ದಿನವಿಡೀ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಎರಡು ಸಲ ಕ್ಷಮಿಸಿ ಎಂದೆ. ಎರಡು ಸಲವೂ "ದಾರ ಕೊಡು" ಎಂದರು.

ಶನಿವಾರ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಹೊತ್ತಿಗೆ ಅತ್ತಿಗೆ ಬಂದರು. ಕೈಯಲ್ಲಿ ಚಿನ್ನದ ಬಳೆಗಳಿರಲಿಲ್ಲ. ಅಣ್ಣ ಮಾಡಿಸಿಕೊಟ್ಟಿದ್ದ ಜೋಡಿ ಅದು. ನಾನು ಅಳಲು ಶುರುಮಾಡಿದೆ. ಅವರು ನೋಟಿನ ಕಟ್ಟನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು.

"ಮೂವತ್ತಿದೆ. ಅಂಗಡಿ ಉಳೀತು. ಎಣಿಸ್ಕೋ."

ಜೊತೆಗೆ ದುಡಿದ ಇಪ್ಪತ್ತೆರಡು ವರ್ಷದಲ್ಲಿ ನಾವು ಒಬ್ಬರು ಕೊಟ್ಟಿದ್ದನ್ನು ಇನ್ನೊಬ್ಬರು ಎಣಿಸಿದವರಲ್ಲ. ಊರಿನವರ ಚಿಲ್ಲರೆಯನ್ನೆಲ್ಲ ಎಣಿಸುವ ನಾನು ಅತ್ತಿಗೆಯ ದುಡ್ಡನ್ನು ನೋಡದೆ ಪರ್ಸಿಗೆ ಹಾಕಿಕೊಳ್ಳುತ್ತಿದ್ದೆ.

"ನೀವು ಕೊಟ್ಟಿದ್ದನ್ನ ನಾನು ಎಣಿಸ್ಬೇಕಾ ಅತ್ತಿಗೆ?"

"ಎಣಿಸ್ಕೋ ಕಣೇ. ನಾಳೆ ಯಾರಾದ್ರೂ ಫೋನ್ ಮಾಡಿ, ಅದ್ರಲ್ಲಿ ಕಮ್ಮಿ ಇತ್ತು ಅಂದ್ರೆ?"

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ನಿಜಕ್ಕೂ ಕಾಯುತ್ತಿದ್ದರು. ನಾನು ಅವರೆದುರು ಕೂತು ಒಂದೊಂದೇ ನೋಟು ಎಣಿಸಿದೆ. ಮೂವತ್ತು ಸಾವಿರ ಸರಿಯಾಗಿತ್ತು.