ತಿರುಗಿಸದ ಎಲೆ

ನಮ್ಮ ಮೇಜಿಗೆ ಇರುವುದು ಒಂದೇ ನಿಯಮ. ಕೊಂಬೆಯನ್ನು ಹಾಳೆಗೆ ಅಂಟಿಸುವ ಮೊದಲು ಒಂದು ಎಲೆಯನ್ನಾದರೂ ಬೆನ್ನು ಮೇಲಾಗುವಂತೆ ತಿರುಗಿಸಬೇಕು. ಗಿಡದ ಗುಟ್ಟು ಇರುವುದು ಎಲೆಯ ಬೆನ್ನಲ್ಲಿ. ಒಣಗಿಸಿದ ಗಿಡಗಳ ಈ ಸಂಗ್ರಹಾಲಯದಲ್ಲಿ ಅಂಟಿಸುವ ಕೆಲಸ ಮೊದಲು ಅಮ್ಮನದಾಗಿತ್ತು, ಈಗ ನನ್ನದು. ನಾನು ಸೇರಿದ ದಿನ ಅಮ್ಮ ಈ ನಿಯಮವನ್ನು ಮೂರು ಸಲ ಹೇಳಿದಳು. ನಾನು ದಡ್ಡಿಯೆಂದಲ್ಲ, ಅವಳು ಯಾವುದನ್ನೂ ಮೂರು ಸಲಕ್ಕಿಂತ ಕಡಿಮೆ ಹೇಳಿದವಳೇ ಅಲ್ಲ.

ಅಂಥವಳು ಈ ನಿಯಮ ಮುರಿದದ್ದು ಒಂದೇ ಸಲ. ಅದಕ್ಕಾಗಿ ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಇಪ್ಪತ್ತೆಂಟು ವರ್ಷದಿಂದ ಅವಳೊಂದಿಗೆ ಮಾತು ಬಿಟ್ಟಿದ್ದಾನೆ.

ಮಾವ ಆಗ ಇಲ್ಲೇ ಗಿಡ ಸಂಗ್ರಹಿಸುವ ಕೆಲಸದಲ್ಲಿದ್ದ. ಬೆಟ್ಟದ ಕೆಳಗಿನ ಬಿಸಿಲು ಇಳಿಜಾರಿನಲ್ಲಿ ಗಂಟೆಗಿಡವೆಂಬ ಪೊದೆ ಎಲ್ಲೆಂದರಲ್ಲಿ ಬೆಳೆಯುತ್ತದೆ. ಸೊಂಟದೆತ್ತರ, ಕೊಂಬೆಯ ತುದಿಗೆ ಗೊಂಚಲಾಗಿ ಕೂತ ದಪ್ಪ ಎಲೆ, ಜೋತುಬಿದ್ದ ತಿಳಿಗುಲಾಬಿ ಹೂ. ಎಲೆಯ ಬೆನ್ನು ಬಿಳಿಚಿಕೊಂಡು ನುಣ್ಣಗಿರುತ್ತದೆ. ಮರಗಳೆಲ್ಲ ಮುಗಿದ ಮೇಲೆ ಸಿಗುವ ಉತ್ತರ ಮಗ್ಗುಲಿನಲ್ಲಿ, ನೀರು ಜಿನುಗುವ ಬಂಡೆಯ ಬಿರುಕಿನಲ್ಲಿ ಅದರ ದಾಯಾದಿಯೊಂದನ್ನು ಕಂಡೆ ಎಂದು ಮಾವ ಹೇಳಿಕೊಂಡು ಬಂದ. ಅದೇ ಎತ್ತರ, ಅದೇ ಹೂ, ಆದರೆ ಎಲೆಯ ಬೆನ್ನ ತುಂಬ ತುಕ್ಕುಬಣ್ಣದ ತುಪ್ಪಟ. ಒಣಗಿಸಿ ಮೇಲಿಂದ ನೋಡಿದರೆ ಯಾವುದು ಯಾವುದೆಂದು ದೇವರಿಗೂ ತಿಳಿಯದು.

ಮಾವ ಸ್ವಲ್ಪ ಕೊಚ್ಚಿಕೊಳ್ಳುವ ಜಾತಿ. ಊರಿಗೆಲ್ಲ ಡಂಗುರ ಹೊಡೆದ. ಕೊಂಬೆಯನ್ನು ಅಂಟಿಸಲು ಅಮ್ಮನಿಗೆ ಕೊಟ್ಟು, ಮೇಲಧಿಕಾರಿ ಪ್ರವಾಸದಿಂದ ಬರುವುದನ್ನೇ ಕಾದ. ಅವರು ಬಂದು ನೋಡಿದರೆ ಒಂದೊಂದು ಎಲೆಯೂ ಬೆನ್ನು ಕೆಳಗಾಗಿ ಅಂಟಿಕೊಂಡಿದೆ. ಒಮ್ಮೆ ಅಂಟಿಸಿದ ಹಾಳೆಯನ್ನು ಮುಟ್ಟಬಾರದೆಂಬುದು ಅವರ ಕಾಲದ ಕಟ್ಟಪ್ಪಣೆ. 'ಖಚಿತವಿಲ್ಲ, ಬಹುಶಃ ಸಾಮಾನ್ಯ ಗಂಟೆಗಿಡ' ಎಂದು ಪೆನ್ಸಿಲಿನಲ್ಲಿ ಬರೆದರು. ಬೆಟ್ಟದ ಆ ದಾರಿ ಆ ವರ್ಷದ ಮಳೆಗೆ ಕುಸಿದು ಹೋಗಿ, ಇನ್ನೊಂದು ಕೊಂಬೆ ತರಲೂ ಆಗಲಿಲ್ಲ. ಕಚೇರಿಯೆಲ್ಲ ಮುಸಿಮುಸಿ ನಕ್ಕಿತು. ಮಾವ ಕೆಲಸ ಬಿಟ್ಟು ಸೈಕಲ್ ರಿಪೇರಿ ಅಂಗಡಿ ಹಾಕಿದ. ಅಲ್ಲೂ ಅಂಟು ಹಚ್ಚುವುದೇ ಕೆಲಸ, ಆದರೆ ಟ್ಯೂಬಿಗೆ. "ನನ್ನ ಬದುಕಿಗೆ ನಿನ್ನಮ್ಮ ಅಂಟು ಬಳಿದಳು" ಎಂದು ನನ್ನೆದುರು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

ಮೊನ್ನೆ ಸಸ್ಯತಜ್ಞರೊಬ್ಬರು ಆ ಹಾಳೆಯನ್ನೇ ಹುಡುಕಿಕೊಂಡು ಬಂದರು.

"ಹೋದ ತಿಂಗಳು ನಮ್ಮ ತಂಡಕ್ಕೆ ಅದೇ ಬಂಡೇಲಿ ತುಪ್ಪಟದ ಗಂಟೆಗಿಡ ಸಿಕ್ತು ಮೇಡಂ. ಇದೂ ಅದೇ ಆಗಿದ್ರೆ, ಮೊದಲು ಕಂಡವರು ಅಂತ ನಿಮ್ಮ ಮಾವನ ಹೆಸರೇ ಹಾಕ್ತೀವಿ. ಒಂದು ಎಲೆ ಎಬ್ಬಿಸೋಕಾಗುತ್ತಾ?"

ಬೆನ್ನು ತುಕ್ಕುಬಣ್ಣದ್ದಾದರೆ ಮಾವ ಗೆದ್ದ, ಆದರೆ ಅಮ್ಮನ ತಪ್ಪು ಕಲ್ಲಿನಲ್ಲಿ ಕೊರೆದಂತಾಯಿತು. ಬಿಳಿಯಾದರೆ ಮಾವನದು ಬರೀ ಬಡಾಯಿ. ಯಾವುದಾದರೂ ನನಗೆ ನಷ್ಟವೇ.

ಹಿಟ್ಟಿನ ಅಂಟು ನೀರಿಗೆ ಬಗ್ಗುತ್ತದೆ. ಒದ್ದೆ ಒತ್ತುಕಾಗದದ ಚೂರನ್ನು ಎಲೆಯ ಮೇಲಿಟ್ಟು ಕಾದೆ. ಕಾಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಉದುರಿದ ಎಲೆಗಳನ್ನು ಹಾಕಿಡಲು ಹಾಳೆಯ ಮೂಲೆಯಲ್ಲಿ ಪುಟ್ಟ ಲಕೋಟೆ ಇರುತ್ತದೆ. ಅದು ಖಾಲಿ. ಧೂಳಿನಂಥ ಚೂರನ್ನೂ ಬಿಡದೆ ಲಕೋಟೆಗೆ ಹಾಕುವ ಹೆಂಗಸು ನನ್ನಮ್ಮ. ಅದರಲ್ಲಿ ಒಂದು ಬಿಡಿ ಎಲೆ ಇದ್ದಿದ್ದರೂ ಯಾರು ಬೇಕಾದರೂ ಬೆನ್ನು ನೋಡಬಹುದಿತ್ತು.

ತೆಳು ಅಲಗಿನಿಂದ ಎಲೆ ಎಬ್ಬಿಸಿದೆ. ಬೆನ್ನು ಬಿಳಿಯಾಗಿತ್ತು. ಒಂದೆಳೆ ತುಪ್ಪಟವೂ ಇರಲಿಲ್ಲ. ತಜ್ಞರು ನಿಟ್ಟುಸಿರು ಬಿಟ್ಟು ಬರೆದುಕೊಂಡರು.

ಮನೆಗೆ ಹೋಗಿ ಅಮ್ಮನ ಮುಂದೆ ಕೂತೆ. ಅವಳು ಬಟ್ಟೆ ಮಡಚುತ್ತಿದ್ದಳು.

"ಆ ಹಾಳೇಲಿ ಒಂದು ಎಲೆ ಎಬ್ಬಿಸಿದೆ. ಬಿಳಿ ಇತ್ತು. ಲಕೋಟೆ ಖಾಲಿ ಮಾಡಿದ್ದು ನೀನೇ ಅಲ್ವಾ?"

"ತಿರುಗಿಸಿ ನೋಡದೆ ನಾನು ಯಾವತ್ತು ಅಂಟಿಸಿದೀನಿ?" ಅಮ್ಮ ತಲೆ ಎತ್ತಲಿಲ್ಲ. "ಅಷ್ಟು ಜಂಬ ಕೊಚ್ಚಿದ್ದ. ಬಿಳಿ ಅಂತ ಕಂಡಿದ್ರೆ ಸುಳ್ಳುಗಾರ ಅಂತಿದ್ರು. ಖಚಿತ ಇಲ್ಲ ಅಂತಾದ್ರೆ ಅರ್ಧ ಮಾನನಾದ್ರೂ ಉಳಿಯುತ್ತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಮಾಡಿದೆ. ನನಗೇ ಕಚ್ಚುತ್ತೆ ಅಂತ ಗೊತ್ತಿರಲಿಲ್ಲ."

ನನಗೆ ರೇಗಿತು, ಅಳುವೂ ಬಂತು. "ಅದೇ ಬಂಡೇಲಿ ಈಗ ತುಪ್ಪಟದ ಗಿಡ ಸಿಕ್ಕಿದೆಯಮ್ಮ."

ಅಮ್ಮನ ಕೈ ನಿಂತಿತು. "ಹಾಗಾದ್ರೆ ಅವನು ನಿಜಾನೇ ಹೇಳಿದ್ದ" ಎಂದಳು. "ನೀನು ಅವನಿಗೆ ಏನೂ ಹೇಳಬೇಡ. ಅಕ್ಕ ಬೇಜವಾಬ್ದಾರಿ ಅಂದ್ಕೊಂಡಿರಲಿ, ಪರವಾಗಿಲ್ಲ. ಅಕ್ಕನೂ ನಂಬಲಿಲ್ಲ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ."

ಈ ಅಕ್ಕತಮ್ಮಂದಿರ ಮಧ್ಯೆ ಅಂಚೆಯವಳಾಗಿ ನನಗೆ ಸಾಕಾಗಿತ್ತು. ಮರುದಿನ ಮಧ್ಯಾಹ್ನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಮಾವ ಟ್ಯೂಬನ್ನು ಮರಳುಕಾಗದದಿಂದ ಉಜ್ಜುತ್ತಲೇ ಕೇಳಿದ.

"ಎರಡು ಗಿಡ ಇತ್ತು" ಎಂದ ಕೊನೆಗೆ. "ಒಂದರ ಪಕ್ಕ ಒಂದು. ಒಂದರ ಎಲೆ ತಿರುಗಿಸಿ ನೋಡಿದೆ. ಚೀಲ ತೆಗೆಯೋ ಹೊತ್ತಿಗೆ ಮಂಜು ಮುಚ್ಕೊಂಡು ಬಂತು. ಕೈ ಮರಗಟ್ಟಿತ್ತು. ಸಿಕ್ಕಿದ್ದು ಮುರ್ಕೊಂಡು ಬಂದೆ. ಪಕ್ಕದ್ದು ಕೆಳಗಿನ ಮಾಮೂಲಿ ಗಿಡ ಅಂತ ಈಗ ಗೊತ್ತಾಗ್ತಿದೆ."

ಉಜ್ಜುವುದು ನಿಲ್ಲಿಸಿದ. "ಅಂದ್ರೆ ಅವಳೂ ನನ್ನ ನಂಬಲಿಲ್ಲ."

"ಇಲ್ಲ ಮಾವ."

"ನಂಬದೇನೇ ಇಷ್ಟು ವರ್ಷ ನನ್ನ ಕೈಲಿ ಬೈಸ್ಕೊಂಡ್ಳಾ?"

ನಾನು ಹೂಂ ಎಂದೆ. ಅವನು ಕೈಯನ್ನು ಹಳೇ ಬಟ್ಟೆಗೆ ಒರೆಸಿದ, ಮತ್ತೆ ಒರೆಸಿದ. ಗಿರಾಕಿಯ ಚಕ್ರ ಬಿಚ್ಚಿದ್ದು ಬಿಚ್ಚಿದಂತೆಯೇ ಇತ್ತು. ಅಂಗಡಿಯ ಬಾಗಿಲೆಳೆದು ನನ್ನ ಜೊತೆ ಹೊರಟ.

ಬಾಗಿಲು ತೆರೆದ ಅಮ್ಮ ಮೊದಲು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಮೇಲೆ ಅವನನ್ನು.

"ಅಕ್ಕಾ, ಅಲ್ಲಿ ಎರಡು ಗಿಡ ಇತ್ತು" ಎಂದ ಮಾವ.

"ಕೀಳೋ ಮುಂಚೆ ತಿರುಗಿಸಿ ನೋಡ್ಬೇಕು ಅಂತ ನಿನಗೆ ಎಷ್ಟು ಸಲ ಹೇಳಿದ್ದೆ?"

"ಮೂರು ಸಲ" ಎಂದ. ಐವತ್ತೆಂಟು ವರ್ಷದ ಗಂಡಸು, ಹೊಸಿಲ ಮೇಲೇ ಕೂತು ಅತ್ತುಬಿಟ್ಟ. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟು, ಒಳಗೆ ಬಾ ಎಂದಳು.